ಮಗಳಿಗೊಂದು ಪತ್ರ: ಸಹಿ ಹಾಕುವ ಮೊದಲು ಮರಿಯಾಳ ಕತೆ ಓದು

ಪ್ರೀತಿಯ ಪುಟ್ಟಿ,

ಸೀರೆ ಜಾಹೀರಾತಿನ ಫೋಟೋ ನೋಡಿ ಸಿನಿಮಾಕ್ಕೆ ಕರೆದಿದ್ದಾರೆ ಅಂತ ನೀನು ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಜೊತೆಗೆ ಭಯವೂ ಆಯಿತು. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ನಟಿಸಬೇಕು ಅನ್ನುವುದು ನಿನ್ನ ಚಿಕ್ಕಂದಿನ ಆಸೆ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಬ್ಬಳು ಫ್ರೆಂಚ್ ನಟಿಯ ಕತೆಯನ್ನು ನಿನಗೆ ಹೇಳಲೇಬೇಕು. ಅವಳ ಹೆಸರು ಮರಿಯಾ ಶ್ನೈಡರ್.

1952ರ ಮಾರ್ಚ್ 27ರಂದು ಪ್ಯಾರಿಸ್‌ನಲ್ಲಿ ಹುಟ್ಟಿದಳು. ಅಪ್ಪ ಡೇನಿಯಲ್ ಜೆಲಾಂ, ಆಗಿನ ಕಾಲಕ್ಕೆ ಫ್ರಾನ್ಸ್‌ನಲ್ಲಿ ಹೆಸರು ಮಾಡಿದ ನಟ. ಆತನಿಗೆ ಬೇರೆ ಸಂಸಾರವಿತ್ತು, ಈ ಮಗಳಿಗೆ ತನ್ನ ಹೆಸರು ಕೊಡಲಿಲ್ಲ. ಅಮ್ಮ ರೊಮೇನಿಯಾದಲ್ಲಿ ಹುಟ್ಟಿದವಳು, ಮಾಡೆಲ್ ಆಗಿದ್ದವಳು. ಹಾಗಾಗಿ ಶ್ನೈಡರ್ ಅನ್ನುವುದು ಅಮ್ಮನ ಕಡೆಯ ಹೆಸರು. ಮರಿಯಾಗೆ ಸಿನಿಮಾ ಹುಚ್ಚು, ವಾರಕ್ಕೆ ಮೂರು ನಾಲ್ಕು ನೋಡುತ್ತಿದ್ದಳಂತೆ. ಹದಿನೈದನೇ ವಯಸ್ಸಿಗೆ ಅಮ್ಮನ ಜೊತೆ ಜಗಳವಾಡಿ ಮನೆ ಬಿಟ್ಟಳು. ಹೊಟ್ಟೆಪಾಡಿಗೆ ಮಾಡೆಲಿಂಗ್ ಮಾಡಿದಳು, ಸಿನಿಮಾಗಳಲ್ಲಿ ಗುಂಪಿನ ದೃಶ್ಯಗಳಿಗೆ ಹೋಗಿ ನಿಂತಳು. ಹಾಗೆ ಒಂದು ಸೆಟ್ಟಿನಲ್ಲಿ ಹೆಸರಾಂತ ಫ್ರೆಂಚ್ ನಟಿ ಬ್ರಿಜಿತ್ ಬಾರ್ಡೋ ಕಣ್ಣಿಗೆ ಬಿದ್ದಳು. ಬಾರ್ಡೋ ಅವಳ ಅಪ್ಪನ ಜೊತೆ ನಟಿಸಿದ್ದವಳು. ಈ ಹುಡುಗಿಗೆ ಇರಲು ನೆಲೆಯಿಲ್ಲ ಅಂತ ಗೊತ್ತಾದಾಗ ತನ್ನ ಮನೆಯಲ್ಲೇ ಒಂದು ಕೋಣೆ ಕೊಟ್ಟಳು. ಅಲ್ಲಿಂದ ಸಿನಿಮಾದವರ ಪರಿಚಯವಾಯಿತು. 1970ರಲ್ಲಿ ಅಲೈನ್ ದೆಲೋನ್ ಜೊತೆ ‘ಮ್ಯಾಡ್ಲಿ’ ಅನ್ನುವ ಸಿನಿಮಾದಲ್ಲಿ ಒಂದು ಪಾತ್ರ ಸಿಕ್ಕಿತು.

ಆಮೇಲೆ ಬಂದದ್ದು ಇಟಲಿಯ ನಿರ್ದೇಶಕ ಬೆರ್ನಾರ್ದೊ ಬೆರ್ತೊಲುಚ್ಚಿಯ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’. ಈ ಹೆಸರು ನೀನು ಕೇಳಿರುತ್ತೀಯ. ಆ ಪಾತ್ರಕ್ಕೆ ಮೊದಲು ಡೊಮಿನಿಕ್ ಸಾಂಡಾ ಅಂತ ಇನ್ನೊಬ್ಬ ನಟಿಯನ್ನು ಅಂದುಕೊಂಡಿದ್ದರು, ಆಕೆ ಗರ್ಭಿಣಿಯಾಗಿದ್ದರಿಂದ ಮರಿಯಾಗೆ ಬಂತು. 1972ರಲ್ಲಿ ಶೂಟಿಂಗ್. ಅವಳಿಗೆ ಹತ್ತೊಂಬತ್ತು. ಎದುರಿಗೆ ಹಾಲಿವುಡ್‌ನ ದೊಡ್ಡ ನಟ ಮಾರ್ಲನ್ ಬ್ರಾಂಡೊ, ಅವನಿಗೆ ನಲವತ್ತೇಳು. ಅವನು ನಟಿಸಿದ ‘ದಿ ಗಾಡ್‌ಫಾದರ್’ ಬಿಡುಗಡೆಯಾದ ವರ್ಷ ಅದು. ಅಂಥವನ ಮುಂದೆ ನಿಂತು ‘ಇದು ನನಗೆ ಇಷ್ಟವಿಲ್ಲ’ ಅನ್ನುವ ಧೈರ್ಯ ಆ ವಯಸ್ಸಿನಲ್ಲಿ ಎಷ್ಟು ಜನಕ್ಕೆ ಇರುತ್ತದೆ ಹೇಳು.

ಕತೆಯಲ್ಲಿ ಹೆಣ್ಣಿನ ಮೇಲೆ ಬಲಾತ್ಕಾರ ನಡೆಯುವ ಒಂದು ದೃಶ್ಯವಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೆ ಶೂಟಿಂಗ್ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಕೂತಿದ್ದಾಗ ನಿರ್ದೇಶಕ, ನಟ ಇಬ್ಬರೇ ಸೇರಿ ಅದಕ್ಕೊಂದು ಹೊಸ ವಿವರ ಸೇರಿಸಿದರು. ಮುಂದಿದ್ದ ಬೆಣ್ಣೆ ನೋಡಿ ಹೊಳೆದ ಯೋಚನೆ. ಮರಿಯಾಗೆ ಅದನ್ನು ಹೇಳಿದ್ದು ಕ್ಯಾಮೆರಾ ಓಡುವ ಸ್ವಲ್ಪ ಮೊದಲು. ನಡೆದದ್ದು ನಟನೆಯೇ, ಆದರೆ ತನ್ನ ಕಣ್ಣೀರು ಮಾತ್ರ ನಿಜದ್ದು ಅಂತ ಅವಳು 2007ರಲ್ಲಿ ಒಂದು ಪತ್ರಿಕೆಗೆ ಹೇಳಿದಳು. ಬ್ರಾಂಡೊ, ಬೆರ್ತೊಲುಚ್ಚಿ ಇಬ್ಬರೂ ತನ್ನ ಮೇಲೆ ಒಂದು ರೀತಿಯ ಅತ್ಯಾಚಾರ ಮಾಡಿದ ಹಾಗೆ ಅನ್ನಿಸಿತು, ಆಮೇಲೆ ಬ್ರಾಂಡೊ ಸಮಾಧಾನದ ಒಂದು ಮಾತೂ ಆಡಲಿಲ್ಲ, ಸದ್ಯ ಒಂದೇ ಟೇಕ್‌ಗೆ ಮುಗಿಯಿತು ಅಂದಳು.

ಅದೇ ಸಂದರ್ಶನದಲ್ಲಿ ಅವಳು ಹೇಳಿದ ಇನ್ನೊಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದನ್ನು ಮಾಡು ಅಂತ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ, ಆ ಕ್ಷಣ ನಾನು ನನ್ನ ಏಜೆಂಟ್‌ಗೆ ಫೋನ್ ಮಾಡಬೇಕಿತ್ತು ಇಲ್ಲವೇ ವಕೀಲರನ್ನು ಸೆಟ್ಟಿಗೆ ಕರೆಸಬೇಕಿತ್ತು, ಆದರೆ ಹಾಗೆ ಮಾಡಬಹುದು ಅಂತಲೇ ಆಗ ನನಗೆ ಗೊತ್ತಿರಲಿಲ್ಲ ಅಂದಳು. ಗೊತ್ತಿರಲಿಲ್ಲ. ಅಷ್ಟೇ. ದಡ್ಡಿ ಅಂತಲ್ಲ, ಪುಕ್ಕಲಿ ಅಂತಲೂ ಅಲ್ಲ. ಅವಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಬೆರ್ತೊಲುಚ್ಚಿ ಏನು ಹೇಳಿದ ಗೊತ್ತಾ? 2013ರಲ್ಲಿ, ಅವಳು ತೀರಿಕೊಂಡ ಮೇಲೆ, ಪ್ಯಾರಿಸ್‌ನಲ್ಲಿ ಮಾತಾಡುತ್ತಾ, ನನಗೆ ನಟಿಯ ಪ್ರತಿಕ್ರಿಯೆ ಬೇಕಿರಲಿಲ್ಲ, ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು ಅಂದ. ಅವಳ ವಿಷಯದಲ್ಲಿ ತಪ್ಪು ಮಾಡಿದೆ ಅನ್ನಿಸುತ್ತದೆ, ಆದರೆ ಪಶ್ಚಾತ್ತಾಪವಿಲ್ಲ ಅಂದ. 2016ರಲ್ಲಿ ಆ ವಿಡಿಯೊ ಮತ್ತೆ ಹರಿದಾಡಿ ಗಲಾಟೆಯಾದಾಗ, ಹಿಂಸೆಯ ದೃಶ್ಯ ಅವಳಿಗೆ ಮೊದಲೇ ಗೊತ್ತಿತ್ತು, ಹೊಸದಾಗಿ ಸೇರಿದ್ದು ಬೆಣ್ಣೆ ಮಾತ್ರ ಅಂತ ಸಮಜಾಯಿಷಿ ಕೊಟ್ಟ. ಆ ‘ಹುಡುಗಿಯ ಪ್ರತಿಕ್ರಿಯೆ’ಯ ಮಾತು ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ನಟಿಗೆ ನಟಿಸಲು ಬರುತ್ತದೆ ಅನ್ನುವ ನಂಬಿಕೆಯೇ ಇಲ್ಲದಿದ್ದರೆ ಅವಳನ್ನು ಯಾಕೆ ಆರಿಸಬೇಕಿತ್ತು? ಬ್ರಾಂಡೊಗೆ ಎಲ್ಲ ಗೊತ್ತಿತ್ತು, ಅವನು ನಟನಾಗಿ ನಟಿಸಿದ. ಅವಳಿಗೆ ಮಾತ್ರ ಆ ಗೌರವ ಸಿಗಲಿಲ್ಲ. ಆ ಸಿನಿಮಾಕ್ಕೆ ಆಸ್ಕರ್ ನಾಮನಿರ್ದೇಶನ ಬಂದದ್ದೂ ಆ ಇಬ್ಬರು ಗಂಡಸರಿಗೇ. 1976ರಲ್ಲಿ ಇಟಲಿಯ ನ್ಯಾಯಾಲಯ ಸಿನಿಮಾದ ಪ್ರತಿಗಳನ್ನೇ ನಾಶ ಮಾಡಿ ಅಂತ ಆದೇಶ ಕೊಟ್ಟಿತು. ಆದರೆ ಅದು ಅಶ್ಲೀಲತೆಯ ಕಾರಣಕ್ಕೆ. ಆ ಹುಡುಗಿಗೆ ಏನಾಯಿತು ಅಂತ ಅಲ್ಲಿಯೂ ಯಾರೂ ಕೇಳಲಿಲ್ಲ.

ಅವಳಿಗೆ ನಟನೆ ಬರುತ್ತಿತ್ತಾ? ನಾನು ಕಾಲೇಜು ಮುಗಿಸಿದ ಹೊಸದರಲ್ಲಿ ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ‘ದಿ ಪ್ಯಾಸೆಂಜರ್’ ನೋಡಿದೆ. ಮೈಕೆಲಾಂಜೆಲೊ ಆಂತೊನಿಯೊನಿ 1975ರಲ್ಲಿ ಮಾಡಿದ ಸಿನಿಮಾ. ಜ್ಯಾಕ್ ನಿಕಲ್ಸನ್ ಒಬ್ಬ ಪತ್ರಕರ್ತ. ಸತ್ತ ಮನುಷ್ಯನೊಬ್ಬನ ಹೆಸರು ಹೊತ್ತುಕೊಂಡು ತನ್ನ ಹಳೆಯ ಬದುಕಿನಿಂದ ಓಡಿಹೋಗುತ್ತಿರುತ್ತಾನೆ. ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿ ಕಟ್ಟಿದ ಒಂದು ಕಟ್ಟಡದಲ್ಲಿ ಅವನಿಗೆ ಮರಿಯಾ ಸಿಗುತ್ತಾಳೆ. ಆ ಪಾತ್ರಕ್ಕೆ ಹೆಸರೇ ಇಲ್ಲ, ಬರೀ ‘ಹುಡುಗಿ’. ಇಬ್ಬರೂ ತೆರೆದ ಕಾರಿನಲ್ಲಿ ಹೋಗುತ್ತಿದ್ದಾರೆ, ರಸ್ತೆಯ ಎರಡೂ ಬದಿಗೆ ಸಾಲುಮರ. ಯಾವುದರಿಂದ ಓಡಿಹೋಗ್ತಿದ್ದೀಯ ಅಂತ ಅವಳು ಕೇಳುತ್ತಾಳೆ. ಮುಂದಿನ ಸೀಟಿಗೆ ಬೆನ್ನು ಹಾಕಿ ತಿರುಗು ಅನ್ನುತ್ತಾನೆ ಅವನು. ಅವಳು ಹಿಂದಕ್ಕೆ ತಿರುಗಿ ಎದ್ದು ಕೈ ಚಾಚುತ್ತಾಳೆ. ಗಾಳಿಗೆ ಕೂದಲು ಹಾರುತ್ತದೆ, ಮರಗಳು ಹಿಂದಕ್ಕೆ ಸರಿಯುತ್ತವೆ. ಬಿಟ್ಟುಬಂದ ರಸ್ತೆಯನ್ನು ನೋಡುತ್ತಾ ಅವಳ ಮುಖ ಅರಳುತ್ತದೆ. ಒಂದು ಮಾತೂ ಇಲ್ಲ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಆ ಮುಖದಲ್ಲೇ ಇದೆ. ಇಡೀ ಸಿನಿಮಾದಲ್ಲಿ ಅವಳು ಹಾಗೆಯೇ ಇದ್ದಾಳೆ, ಸಲೀಸಾಗಿ, ಕುತೂಹಲದಿಂದ. ನಿಕಲ್ಸನ್‌ನಂಥ ನಟನ ಪಕ್ಕದಲ್ಲಿ ನಿಂತೂ ಅವಳು ಮಂಕಾಗುವುದಿಲ್ಲ. ಯಾರೂ ಮೋಸ ಮಾಡಿ ಅವಳಿಂದ ಆ ನಟನೆ ತೆಗೆಸಲಿಲ್ಲ ಪುಟ್ಟಿ. ತನ್ನ ಸಿನಿಮಾಗಳಲ್ಲಿ ತನಗೆ ಇದೇ ಜಾಸ್ತಿ ಇಷ್ಟ ಅಂತ ಅವಳೇ ಹೇಳಿಕೊಂಡಿದ್ದಳು.

ಆದರೆ ಜನ ಅವಳನ್ನು ಬಿಡಲಿಲ್ಲ. ಹೋದಲ್ಲೆಲ್ಲ ಅದೇ ದೃಶ್ಯ, ಅದೇ ಮಾತು. ಬರುವ ಪಾತ್ರಗಳೂ ಅಂಥವೇ. ಹೆರಾಯಿನ್ ಚಟ ಹತ್ತಿತು, ಒಮ್ಮೆ ಸಾಯಲೂ ಹೋಗಿದ್ದಳು. ‘ಕ್ಯಾಲಿಗುಲಾ’ ಸಿನಿಮಾದ ಸೆಟ್ಟಿನಿಂದ ಹೊರನಡೆದಳು. ನಿರ್ದೇಶಕ ಲೂಯಿಸ್ ಬುನ್ಯುಯೆಲ್ ತನ್ನ ಕೊನೆಯ ಸಿನಿಮಾಕ್ಕೆ ಮೊದಲು ಅವಳನ್ನೇ ಆರಿಸಿಕೊಂಡಿದ್ದ. ಶೂಟಿಂಗ್ ಶುರುವಾದ ಮೇಲೆ ಹೊಂದಿಕೆಯಾಗದೆ ಅವಳನ್ನು ಬಿಟ್ಟ. ಆ ಒಂದು ಪಾತ್ರವನ್ನು ಕೊನೆಗೆ ಇಬ್ಬರು ನಟಿಯರು ಹಂಚಿಕೊಂಡು ಮಾಡಿದರು, ಕರೋಲ್ ಬೂಕೆ ಮತ್ತು ಆಂಜೆಲಾ ಮೊಲಿನಾ. ‘ಅವಳನ್ನು ನೆಚ್ಚಿಕೊಂಡು ಕೆಲಸ ಮಾಡೋದು ಕಷ್ಟ’ ಅನ್ನುವ ಹೆಸರು ಅಂಟಿತು. ಚಟ ಇದ್ದದ್ದು ನಿಜ, ಕೆಲಸಕ್ಕೆ ತೊಂದರೆಯಾದದ್ದೂ ನಿಜ. ಆದರೆ ಆ ಹುಡುಗಿ ಅಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅಂತ ಯಾರೂ ಯೋಚಿಸಲಿಲ್ಲ.

ಅವಳು ಬಾಯಿ ಮುಚ್ಚಿಕೊಂಡು ಕೂರಲಿಲ್ಲ ಅನ್ನುವುದೂ ನಿನಗೆ ಗೊತ್ತಿರಲಿ. 1970ರ ದಶಕದ ಮಧ್ಯದಲ್ಲಿ ದೆಲ್ಫಿನ್ ಸೆರಿಗ್ ಅನ್ನುವ ನಟಿ ಇಪ್ಪತ್ತಕ್ಕೂ ಹೆಚ್ಚು ನಟಿಯರನ್ನು ವಿಡಿಯೊ ಕ್ಯಾಮೆರಾ ಮುಂದೆ ಮಾತಾಡಿಸಿ ಒಂದು ಸಾಕ್ಷ್ಯಚಿತ್ರ ಮಾಡಿದಳು. ಜೇನ್ ಫಾಂಡಾ ಇದ್ದಾಳೆ, ಮರಿಯಾ ಇದ್ದಾಳೆ. ಸಿನಿಮಾ ಅನ್ನುವುದು ಗಂಡಸರು ಗಂಡಸರಿಗಾಗಿ ಮಾಡುವಂಥದ್ದು, ನನಗೆ ಬರುವುದೆಲ್ಲ ತಲೆಕೆಟ್ಟವರ ಪಾತ್ರ ಅಂತ ಮರಿಯಾ ಅಲ್ಲಿ ನೇರವಾಗಿ ಹೇಳುತ್ತಾಳೆ. ಮೀ ಟೂ ಶುರುವಾಗುವುದಕ್ಕೆ ನಲವತ್ತು ವರ್ಷ ಮೊದಲಿನ ಮಾತಿದು. 1996ರಲ್ಲಿ ಫ್ರಾಂಕೊ ಝೆಫಿರೆಲ್ಲಿ ‘ಜೇನ್ ಏರ್’ ಮಾಡಿದಾಗ ಅವಳಿಗೆ ಸಿಕ್ಕಿದ ಪಾತ್ರ ಯಾವುದು ಅಂದುಕೊಂಡೆ? ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚು ಹೆಂಡತಿ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

1983ರಲ್ಲಿ ಫ್ರೆಂಚ್ ಟೀವಿಯವರು ಅವಳನ್ನು ಸಂದರ್ಶನ ಮಾಡಿದರು. ಮಾತು ‘ಲಾಸ್ಟ್ ಟ್ಯಾಂಗೊ’ ಕಡೆ ಹೊರಳಿದ ತಕ್ಷಣ, ಅದರ ಬಗ್ಗೆ ಮಾತಾಡಲು ತನಗೆ ಇಷ್ಟವಿಲ್ಲ ಅನ್ನುತ್ತಾಳೆ. ಕೂಗಾಡುವುದಿಲ್ಲ, ಅಳುವುದಿಲ್ಲ. ಸುಮ್ನೆ, ಗಟ್ಟಿಯಾಗಿ ಹೇಳುತ್ತಾಳೆ. 2022ರಲ್ಲಿ ಎಲಿಸಬೆತ್ ಸುಬ್ರಿನ್ ಎಂಬ ನಿರ್ದೇಶಕಿ ಆ ಸಂದರ್ಶನವನ್ನೇ ಇಟ್ಟುಕೊಂಡು ಕಿರುಚಿತ್ರ ಮಾಡಿದಳು. ಮೂವರು ಬೇರೆ ಬೇರೆ ದೇಶದ ಮೂಲದ ನಟಿಯರು ಒಬ್ಬರಾದ ಮೇಲೆ ಒಬ್ಬರು ಅದೇ ಉತ್ತರಗಳನ್ನು ಹೇಳುತ್ತಾರೆ. ಮರುವರ್ಷ ಅದಕ್ಕೆ ಫ್ರೆಂಚ್ ಸಿನಿಮಾರಂಗದ ಸೀಸರ್ ಪ್ರಶಸ್ತಿ ಬಂತು.

ಎಂಬತ್ತರ ದಶಕದಲ್ಲಿ ಅವಳು ಚಟದಿಂದ ಹೊರಬಂದಳು. ಜೊತೆಗಿದ್ದ ಸಂಗಾತಿಯೇ ತನ್ನನ್ನು ಉಳಿಸಿದ್ದು ಅಂತ ಹೇಳುತ್ತಿದ್ದಳು. ದೊಡ್ಡ ಪಾತ್ರಗಳು ಕಮ್ಮಿಯಾದವು, ಆದರೂ ನಟಿಸುವುದನ್ನು ನಿಲ್ಲಿಸಲಿಲ್ಲ. ಕೆಲಸವಿಲ್ಲದೆ ಕಷ್ಟಕ್ಕೆ ಬಿದ್ದ ಹಿರಿಯ ಕಲಾವಿದರಿಗೆ ನೆರವಾಗುವ ‘ಲಾ ರೂ ತೂರ್ನ್’ ಅನ್ನುವ ಸಂಸ್ಥೆಯಲ್ಲಿ ಓಡಾಡಿದಳು. ಈ ಭಾಗವನ್ನು ಯಾರೂ ಹೇಳುವುದಿಲ್ಲ, ನನಗೆ ಇದು ತುಂಬ ದೊಡ್ಡದು ಅನ್ನಿಸುತ್ತದೆ. 2010ರಲ್ಲಿ ಫ್ರೆಂಚ್ ಸರ್ಕಾರ ಕಲೆ ಮತ್ತು ಸಾಹಿತ್ಯದ ಗೌರವ ಕೊಟ್ಟಿತು. 2011ರ ಫೆಬ್ರವರಿ 3ರಂದು ಕ್ಯಾನ್ಸರ್‌ನಿಂದ ತೀರಿಕೊಂಡಳು, ಐವತ್ತೆಂಟು ವರ್ಷ. ಅವಳ ಹತ್ತಿರ ಕ್ಷಮೆ ಕೇಳಬೇಕಿತ್ತು ಅಂತ ಬೆರ್ತೊಲುಚ್ಚಿ ಹೇಳಿದ್ದು ಆಗ. ಮೂವತ್ತೊಂಬತ್ತು ವರ್ಷ ಸಮಯವಿತ್ತು ಅವನಿಗೆ. 2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಸಿನೆಮಾತೆಕ್ ಅನ್ನುವ ಸಿನಿಮಾ ಸಂಗ್ರಹಾಲಯ ‘ಲಾಸ್ಟ್ ಟ್ಯಾಂಗೊ’ ಸಿನಿಮಾವನ್ನು ಮತ್ತೆ ತೋರಿಸಲು ಹೊರಟಾಗ ಮಹಿಳಾ ಸಂಘಟನೆಗಳು ವಿರೋಧಿಸಿದವು, ಪ್ರದರ್ಶನ ರದ್ದಾಯಿತು. ರದ್ದು ಮಾಡಿದ್ದು ಸರಿಯೋ, ಎಲ್ಲವನ್ನೂ ಬಿಚ್ಚಿ ಹೇಳಿ ತೋರಿಸಬೇಕಿತ್ತೋ ಅಂತ ನೀನು ನಿನ್ನ ಗೆಳತಿಯರ ಜೊತೆ ಚರ್ಚೆ ಮಾಡು. ನನಗಂತೂ ತೋರಿಸುವ ಮೊದಲು ಅವಳ ಮಾತನ್ನು ಜನ ಕೇಳಬೇಕು ಅನ್ನಿಸುತ್ತದೆ.

ಈಗ ನಿನ್ನ ವಿಷಯ. ಸ್ಕ್ರಿಪ್ಟ್ ಪೂರ್ತಿ ಕೊಡಿ ಅಂತ ಕೇಳು. ‘ಕತೆ ಸೆಟ್ಟಲ್ಲೇ ಬೆಳೆಯುತ್ತೆ ಮೇಡಂ’ ಅಂದರೆ, ಬೆಳೆದದ್ದನ್ನು ಶೂಟಿಂಗ್‌ಗೆ ಮೊದಲು ನನಗೆ ಹೇಳಬೇಕು, ನಾನು ಒಪ್ಪಬೇಕು ಅನ್ನುವ ಸಾಲನ್ನು ಒಪ್ಪಂದದಲ್ಲಿ ಬರೆಸು. ಮುಟ್ಟುವ, ತಬ್ಬುವ, ಹಿಂಸೆಯ ದೃಶ್ಯ ಏನೇ ಇದ್ದರೂ ಎಷ್ಟು, ಹೇಗೆ ಅಂತ ಮೊದಲೇ ಬರವಣಿಗೆಯಲ್ಲಿರಲಿ. ಇಂಥ ದೃಶ್ಯಗಳನ್ನು ನೋಡಿಕೊಳ್ಳಲೆಂದೇ ಈಗ ಇಂಟಿಮಸಿ ಕೋಆರ್ಡಿನೇಟರ್ ಅಂತ ಇರುತ್ತಾರೆ, ಮುಂಬೈಯಲ್ಲೂ ಇದ್ದಾರೆ, ಬೇಕು ಅಂತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಿನಿಮಾ ನಿರ್ಮಾಣ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲೂ 2024ರಲ್ಲಿ, ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಕಷ್ಟಗಳನ್ನು ವಿಚಾರಿಸಿದ ಹೇಮಾ ಸಮಿತಿಯ ವರದಿ ಹೊರಬಂದ ಮೇಲೆ, ಚಿತ್ರರಂಗದವರದೇ ಆದ ‘ಫೈರ್’ ಸಂಘಟನೆಯವರು ಕನ್ನಡ ಚಿತ್ರರಂಗಕ್ಕೂ ಅಂಥದ್ದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ನಿನ್ನ ಸಿನಿಮಾದ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಅವರ ನಂಬರ್ ಏನು, ಇದನ್ನು ಮೊದಲ ದಿನವೇ ಬರೆದಿಟ್ಟುಕೋ.

ಇಷ್ಟೆಲ್ಲ ಕೇಳಿದರೆ ‘ಇವಳದ್ದು ಜಾಸ್ತಿಯಾಯ್ತು’ ಅಂತ ಅಂದುಕೊಂಡು ಪಾತ್ರವನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಕೊಡಲಿ ಬಿಡು. ಬೇಜಾರಾಗುತ್ತದೆ, ನನಗೂ ಆಗುತ್ತದೆ, ಇನ್ನೊಂದು ಪಾತ್ರ ಸಿಗುವವರೆಗೆ ಮನೆ ಇದೆ, ನಾನಿದ್ದೇನೆ. ಸೆಟ್ಟಿನಲ್ಲಿ ಯಾವತ್ತಾದರೂ ಹೊಸದೇನಾದರೂ ಮಾಡು ಅಂದರೆ ‘ಐದು ನಿಮಿಷ ಕೊಡಿ’ ಅಂತ ಹೇಳಿ ಹೊರಗೆ ಬಂದು ನನಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಎತ್ತುತ್ತೇನೆ. ಆ ಒಪ್ಪಂದದ ಪ್ರತಿಯನ್ನು ನನಗೂ ಕಳಿಸು, ನಮ್ಮ ಬೀದಿಯ ವಕೀಲೆಗೆ ತೋರಿಸುತ್ತೇನೆ. ಅವರು ಓದುವಷ್ಟರಲ್ಲಿ ನೀನು ‘ದಿ ಪ್ಯಾಸೆಂಜರ್’ ನೋಡಿ ಮುಗಿಸು, ಅದರಲ್ಲಿ ಅವಳ ಕೆಲಸ ನಿನಗೆ ಹೇಗೆ ಕಂಡಿತು ಅಂತ ನನಗೆ ಬರಿ.

ನಿನ್ನ
ಅಮ್ಮ