ನಿನ್ನ ಬೆರಳುಗಳ ವಿಷಯವಾಗಿ ಒಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಸಿಟ್ಟಿನಿಂದ ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡುವುದು ಸರಿಯೆನಿಸಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೈಮೇಲಿನ ಸೋರಿಯಾಸಿಸ್ ಹೊಪ್ಪಳೆಗಳೆಲ್ಲ ಇಳಿದಿವೆ, ಆದ್ದರಿಂದ ಮಾತ್ರೆ ನಿಲ್ಲಿಸಿದ್ದೇನೆ ಎಂದು ನೀನು ಹೇಳಿದಾಗ ನನಗೆ ಕಳವಳವಾಯಿತು, ಆದರೂ ಸುಮ್ಮನಿದ್ದೆ. ಅದರ ಬೆನ್ನಿಗೇ, ಬೆಳಿಗ್ಗೆ ಎದ್ದಾಗ ಬಲಗೈಯ ಬೆರಳುಗಳು ಮಡಚಲು ಬರುವುದಿಲ್ಲ, ಕೀಬೋರ್ಡಿನ ಕೆಲಸ ಹೆಚ್ಚಾಗಿರಬೇಕು ಎಂದು ಹಗುರವಾಗಿ ಅಂದೆಯಲ್ಲ, ಆಗ ನನ್ನ ಧ್ವನಿ ಏರಿತು.

ಸೋರಿಯಾಸಿಸ್ ಎಂದರೇನು ಎಂದು ನಿನಗೆ ಹೇಳಿಕೊಡುವ ಅಗತ್ಯವಿಲ್ಲ. ಇದು ಅಂಟುಜಾಡ್ಯವಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮವನ್ನು ಅವಸರಪಡಿಸುವುದರಿಂದ ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಜೀವಕೋಶಗಳ ಬದಲಾವಣೆ ಕೆಲವೇ ದಿನಗಳಲ್ಲಿ ಮುಗಿದು ಪದರ ಕಟ್ಟುತ್ತದೆ ಎಂದು ನೀನು ಎಷ್ಟು ಜನರಿಗೆ ತಾಳ್ಮೆಯಿಂದ ವಿವರಿಸಿದ್ದೀಯೆ! ತುಂಬುತೋಳಿನ ಉಡುಪನ್ನು ಬಿಟ್ಟು ನೀನು ಮೊದಲ ಸಲ ಹೊರಗೆ ಹೊರಟಾಗ ನನಗಾದ ಹೆಮ್ಮೆಯನ್ನು ನಾನು ಬಾಯಿಬಿಟ್ಟು ಹೇಳಿಯೇ ಇಲ್ಲ, ಈಗ ಹೇಳುತ್ತಿದ್ದೇನೆ.

ಆದರೆ ಬೆರಳುಗಳ ವಿಷಯ ಬೇರೆ. ಸೋರಿಯಾಸಿಸ್ ಇರುವ 100 ಮಂದಿಯಲ್ಲಿ 30ರವರೆಗೂ ಜನರಿಗೆ ಕೀಲುಗಳ ಉರಿಯೂತ ಕಾಣಿಸಿಕೊಳ್ಳಬಹುದು, ಹೆಚ್ಚಿನವರಲ್ಲಿ ಅದು ಚರ್ಮದ ತೊಂದರೆ ಆರಂಭವಾಗಿ ವರ್ಷಗಳು ಕಳೆದ ಮೇಲೆ ಬರುತ್ತದೆ. ಚರ್ಮ ಶಾಂತವಾಗಿದೆಯೆಂದು ಕೀಲುಗಳೂ ಶಾಂತವಾಗಿವೆ ಎಂದು ನಂಬುವಂತಿಲ್ಲ, ಏಕೆಂದರೆ ಅವೆರಡರ ಏರಿಳಿತ ಒಟ್ಟೊಟ್ಟಿಗೆ ನಡೆಯಬೇಕೆಂದಿಲ್ಲ. ದುಡಿಮೆಯಿಂದ ಬಂದ ನೋವು ಸಾಮಾನ್ಯವಾಗಿ ಕೆಲಸ ಮಾಡಿದಷ್ಟೂ ಹೆಚ್ಚಿ, ವಿಶ್ರಾಂತಿಯಿಂದ ಇಳಿಯುತ್ತದೆ. ಉರಿಯೂತದ ಬಿಗಿತವಾದರೋ ರಾತ್ರಿಯ ವಿಶ್ರಾಂತಿಯ ನಂತರವೇ ಹೆಚ್ಚಾಗಿದ್ದು, ಅರ್ಧ ಗಂಟೆಗೂ ಮೀರಿ ಉಳಿದು, ಕೈ ಆಡಿಸಿದಂತೆ ಸಡಿಲವಾಗುತ್ತದೆ. ನೀನು ಹೇಳಿದ್ದು ಬೆಳಗಿನ ಬಿಗಿತವನ್ನು. ಸಂಜೆಯ ನೋವು ಎಂದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ನಿನ್ನ ಉಗುರುಗಳಲ್ಲಿ ಸೂಜಿಮೊನೆಯಿಂದ ಚುಚ್ಚಿದಂಥ ಗುಳಿಗಳಿದ್ದವು, ನೆನಪಿದೆಯೇ? ಅದನ್ನು ನೀನು ಬಣ್ಣ ಹಚ್ಚಿ ಮುಚ್ಚುತ್ತಿದ್ದೆ, ನಾನೂ ಅಂದದ ಪ್ರಶ್ನೆಯೆಂದೇ ಸುಮ್ಮನಿದ್ದೆ. ಉಗುರಿಗೆ ಸೋರಿಯಾಸಿಸ್ ತಗುಲಿದವರಲ್ಲಿ ಕೀಲಿನ ತೊಂದರೆಯ ಸಾಧ್ಯತೆ ಹೆಚ್ಚು ಎಂದು ಈಗ ಓದಿದಾಗಿನಿಂದ ನನ್ನ ಕಣ್ಣ ಮುಂದೆ ಆ ಉಗುರುಗಳೇ ಬರುತ್ತಿವೆ. ಯಾವುದಾದರೂ ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿದೆಯೇ? ಹಿಮ್ಮಡಿಯಲ್ಲಿ ನೋವಿದೆಯೇ? ಉರಿಯೂತ ಒಮ್ಮೆ ತಿಂದ ಕೀಲು ಮೊದಲಿನಂತಾಗುವುದಿಲ್ಲ. ಬೇಗ ಔಷಧ ಆರಂಭಿಸಿದರೆ ಆ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಈ ಎರಡು ವಾಕ್ಯಗಳ ನಡುವೆ ಇರುವ ಸಮಯವನ್ನು ನೀನು ಕಳೆದುಕೊಳ್ಳಬಾರದೆಂಬುದೇ ನನ್ನ ಭಯ. ಸಂಧಿವಾತದ ರಕ್ತಪರೀಕ್ಷೆಯೊಂದನ್ನು ಮಾಡಿಸಿ, ಅದರಲ್ಲಿ ಏನೂ ಇಲ್ಲವೆಂದು ಬಂದರೆ ನಿಶ್ಚಿಂತಳಾಗಬೇಡ. ಆ ಪರೀಕ್ಷೆಯಲ್ಲಿ ಹುಡುಕುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ ಸೋರಿಯಾಸಿಸ್‌ನ ಕೀಲುರೋಗದಲ್ಲಿ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ. ಕೈಯನ್ನು ಮುಟ್ಟಿ ನೋಡುವ ಕೀಲುರೋಗ ತಜ್ಞರೇ ಬೇಕು.

ಮಾತ್ರೆಯ ಬಗ್ಗೆಯೂ ಒಂದು ಮಾತು. ವೈದ್ಯರನ್ನು ಕೇಳದೆ ಅದನ್ನು ಮತ್ತೆ ಆರಂಭಿಸಬೇಡ, ಅವರು ಆರಂಭಿಸಲು ಹೇಳಿದರೆ ನಿನ್ನ ಆ ಮಾತ್ರೆ, ಮೆಥೋಟ್ರೆಕ್ಸೇಟ್, ವಾರಕ್ಕೊಂದು ದಿನ ಮಾತ್ರ ಎಂಬುದನ್ನು ಮರೆಯಬೇಡ. ದಿನವೂ ನುಂಗಿದವರ ಜೀವಕ್ಕೇ ಅಪಾಯವಾದದ್ದುಂಟು. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ತಪ್ಪಿಸಬೇಡ. ಮುಂದೆ ಮಗು ಬೇಕೆನಿಸಿದರೆ ಆ ಯೋಚನೆಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತಿಲ್ಲ. ಬುಡಸಮೇತ ವಾಸಿ ಮಾಡುತ್ತೇವೆಂದು ಹೇಳುವವರ ಪುಡಿಗಳನ್ನಂತೂ ಮುಟ್ಟಬೇಡ. ಅಂಥವುಗಳಲ್ಲಿ ಹೇಳದೆ ಸ್ಟಿರಾಯ್ಡ್ ಬೆರೆಸಿದ್ದರೆ, ನಿಲ್ಲಿಸಿದಾಗ ಇಡೀ ಮೈ ಕೆಂಪಾಗಿ ಉರಿಯುವ ಮಟ್ಟಕ್ಕೆ ಕಾಯಿಲೆ ಕೆರಳಬಹುದು. ಇದನ್ನು ನಿಯಂತ್ರಣದಲ್ಲಿಡಲು ಬರುತ್ತದೆ, ಪೂರ್ಣವಾಗಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ.

ನೋಡು, ಉಪದೇಶ ಬೇಡವೆಂದುಕೊಂಡೇ ಕುಳಿತಿದ್ದೆ. ಈ ಕಾಯಿಲೆಯ ಒಲವು ವಂಶವಾಹಿಗಳಲ್ಲಿ ಬರುತ್ತದೆ, ನಿನಗದು ನನ್ನ ಕಡೆಯಿಂದ ಬಂದದ್ದು. ಅದು ಯಾರ ತಪ್ಪೂ ಅಲ್ಲವೆಂದು ನೀನೇ ನನಗೆ ಸಮಾಧಾನ ಹೇಳಿದ್ದೆ. ತಲೆಗೆ ಅದು ಒಪ್ಪಿಗೆಯಾಗುತ್ತದೆ, ಹೊಟ್ಟೆಯೊಳಗಿನ ಸಂಕಟಕ್ಕೆ ಆಗುವುದಿಲ್ಲ. ನಿನ್ನೆಯ ನನ್ನ ಗದರಿಕೆಯ ಹಿಂದೆ ಇದ್ದದ್ದು ಈ ಸಂಕಟ. ನಿನಗೆ ನೋವಾಗಿದ್ದರೆ ಕ್ಷಮಿಸು.

ಈ ವಾರದಲ್ಲೇ ವೈದ್ಯರ ಸಮಯ ಗೊತ್ತುಮಾಡಿಕೋ. ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ದಿನವೂ ಬರೆದಿಡು, ಊತ ಕಂಡ ಬೆಳಿಗ್ಗೆ ಕೈಯ ಚಿತ್ರ ತೆಗೆದಿಟ್ಟುಕೋ, ಉಗುರಿನ ಬಣ್ಣವನ್ನು ಅಳಿಸಿಕೊಂಡೇ ಹೋಗು. ಜೊತೆಗೆ ಬರಬೇಕೆಂದರೆ ಬರುತ್ತೇನೆ, ಒಳಗೆ ಮಾತನಾಡಬಾರದೆಂದರೆ ಹೊರಗೆ ಕುಳಿತಿರುತ್ತೇನೆ. ದಿನ ಯಾವುದೆಂದು ಮಾತ್ರ ತಿಳಿಸು.

ಇತಿ,
ನಿನ್ನ ಅಮ್ಮ