ಮಾತ್ರೆಯ ಅಡ್ಡಪರಿಣಾಮ ಚೀಟಿಯಲ್ಲೇ ಬರೆಯಲಿ

ಮಾನ್ಯರೇ,

ನಮ್ಮ ಪಕ್ಕದ ಮನೆಯ ಅಜ್ಜಿಗೆ ಯೂರಿಕ್ ಆಸಿಡ್ ಜಾಸ್ತಿಯಾಗಿದೆ ಎಂದು ಅಲೋಪ್ಯೂರಿನಾಲ್ ಮಾತ್ರೆ ಬರೆದುಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಮೈಮೇಲೆ ಕೆಂಪು ಗುಳ್ಳೆ, ಜ್ವರ, ಬಾಯಿಹುಣ್ಣು. ಬೆವರುಸಾಲೆ ಇರಬೇಕು ಅಂದುಕೊಂಡು ಅವರು ಮಾತ್ರೆ ನುಂಗುತ್ತಲೇ ಇದ್ದರು. ಕೊನೆಗೆ ಚರ್ಮ ಸುಲಿದು ಐಸಿಯು ಸೇರಬೇಕಾಯಿತು. ಈ ಮಾತ್ರೆಯಿಂದ ಅಪರೂಪಕ್ಕೆ ಹೀಗಾಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯವೇ. 'ಗುಳ್ಳೆ ಎದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ' ಎನ್ನಲು ಅರ್ಧ ನಿಮಿಷ ಸಾಕಿತ್ತು, ಅಲ್ವಾ?

ಮನೆಯವರು ಈಗ ಗ್ರಾಹಕರ ಆಯೋಗಕ್ಕೆ ಹೋಗಲು ಹೊರಟಿದ್ದಾರೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಚಿಕಿತ್ಸೆಯ ಮುಖ್ಯ ಅಪಾಯಗಳನ್ನು ರೋಗಿಗೆ ಮೊದಲೇ ತಿಳಿಸಬೇಕು ಎಂದು ಅದೇ ಕೋರ್ಟಿನ 2008ರ ತೀರ್ಪಿನಲ್ಲಿದೆ. ಆದರೆ ತೀರಾ ಅಪರೂಪದ ಅಪಾಯ ಹೇಳಬೇಕಿಲ್ಲ ಎಂದೂ ಅದರಲ್ಲೇ ಇದೆ. ಇಂಥ ದೂರುಗಳು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಆ ತೀರ್ಪು ಬಂದಿದ್ದು ಆಪರೇಷನ್ ಕುರಿತ ಪ್ರಕರಣದಲ್ಲಿ. ಟೇಬಲ್ ಮೇಲೆ ಮಲಗಿದ ರೋಗಿ ಅಪಾಯ ಗೊತ್ತಿದ್ದರೂ ಏನೂ ಮಾಡಲಾರ. ಮಾತ್ರೆ ಹಾಗಲ್ಲ, ದಿನಾ ಅವನ ಕೈಯಲ್ಲೇ ಇರುತ್ತದೆ. ಗೊತ್ತಿದ್ದರೆ ನಿಲ್ಲಿಸುತ್ತಾನೆ, ಜೀವ ಉಳಿಯುತ್ತದೆ. ಹಾಗಾಗಿ ಮಾತ್ರೆಯ ವಿಷಯದಲ್ಲಿ 'ಅಪರೂಪ' ಎಂಬ ನೆಪ ಒಪ್ಪುವಂಥದ್ದಲ್ಲ.

ಇನ್ನು ಸಾಕ್ಷಿಯ ಪಾಡು. ಹೇಳಿದ್ದೆ ಎಂದು ಡಾಕ್ಟರು, ಹೇಳಲೇ ಇಲ್ಲ ಎಂದು ಮನೆಯವರು. ಚೀಟಿಯಲ್ಲಿ ಮಾತ್ರೆಯ ಹೆಸರು, 1-0-0 ಬಿಟ್ಟು ಬೇರೇನೂ ಇಲ್ಲ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಟ್ಟಿದ್ದಾರೆ. ಎಕ್ಸ್‌ಪೈರಿ ದಿನಾಂಕ ಅಂಗಡಿಯಲ್ಲೇ ಉಳಿದ ತುಂಡಿನ ಮೇಲೆ! ಡಬ್ಬಿಯೊಳಗಿನ ವಿವರದ ಕಾಗದ ಸಿಕ್ಕರೂ ಅದು ಇರುವೆ ಸಾಲಿನಂಥ ಇಂಗ್ಲಿಷು. ಆದರೂ ತಪ್ಪನ್ನು ಸಾಬೀತು ಮಾಡಬೇಕಾದವರು ದೂರು ಕೊಟ್ಟವರೇ. ದೂರು ಕೊಡಲು ಎರಡು ವರ್ಷದ ಗಡುವು ಬೇರೆ. ಆದ್ದರಿಂದ ಚೀಟಿ, ಬಿಲ್ಲು, ಖಾಲಿ ಸ್ಟ್ರಿಪ್ ಯಾವುದನ್ನೂ ಸುಮ್ನೆ ಎಸೆಯಬೇಡಿ. ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂಬ ನಿಯಮವಿದೆ, ಬರವಣಿಗೆಯಲ್ಲೇ ಕೇಳಿ. ಔಷಧದಿಂದ ತೊಂದರೆಯಾದರೆ ರೋಗಿಗಳೂ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು.

ಒಪಿಡಿಯಲ್ಲಿ ಡಾಕ್ಟರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಪುಟಗಟ್ಟಲೆ ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಲಕ್ಷಣ ಕಂಡರೆ ಮಾತ್ರೆ ನಿಲ್ಲಿಸಿ ಬರಬೇಕು ಎಂಬ ಒಂದು ಸಾಲು, ಕನ್ನಡದಲ್ಲಿ. ರಬ್ಬರ್ ಸ್ಟಾಂಪ್ ಹೊಡೆದರೂ ನಡೆಯುತ್ತದೆ. ಇದನ್ನು ಕಡ್ಡಾಯ ಮಾಡಲು ಕರ್ನಾಟಕ ವೈದ್ಯಕೀಯ ಪರಿಷತ್ತು ಮತ್ತು ಆರೋಗ್ಯ ಇಲಾಖೆ ಮುಂದಾಗಬೇಕು. ನಾಳೆ ಕೇಸು ಬಂದರೆ ಡಾಕ್ಟರ ಕೈಹಿಡಿಯುವುದೂ ಆ ಸಾಲೇ.

– ಓದುಗರೊಬ್ಬರು, ದಾವಣಗೆರೆ