ಬೈಗುಳಕ್ಕೆ ಮೇರಿ ಮಾತೆಯನ್ನು ಎಳೆದು ತರಬೇಡ

ಪ್ರಿಯ ಗೆಳೆಯಾ,

'ಬೈ ಅವರ್ ಲೇಡಿ' ಎಂದು ಮೇರಿ ಮಾತೆಯ ಮೇಲೆ ಇಡುತ್ತಿದ್ದ ಆಣೆಯೇ ಬಾಯಿಂದ ಬಾಯಿಗೆ ಸವೆದು ಇಂಗ್ಲಿಷಿನ 'ಬ್ಲಡಿ' ಎಂಬ ಬೈಗುಳ ಆಯಿತು ಎಂದು ಬರೆದಿದ್ದೀಯ. ಕಥೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. 17ನೇ ಶತಮಾನದಲ್ಲಿ ಈ ಪದ ಕಾಣಿಸಿಕೊಳ್ಳುವುದು 'ಬ್ಲಡಿ ಡ್ರಂಕ್' ಎಂಬಂಥ ಮಾತುಗಳಲ್ಲಿ, 'ವಿಪರೀತ' ಎಂಬ ಅರ್ಥದಲ್ಲಿ. ದೇವರಾಣೆಗೆ ಅಲ್ಲೇನು ಕೆಲಸ? ಆ ಕಾಲದ ಶ್ರೀಮಂತ ಪುಂಡರನ್ನು 'ಬ್ಲಡ್' ಎನ್ನುತ್ತಿದ್ದರು. ಅವರಂತೆ ಕುಡಿದವನು ಬ್ಲಡಿ ಡ್ರಂಕ್ ಎಂಬುದು ಕೆಲವು ವಿದ್ವಾಂಸರ ಊಹೆ. ನೇರವಾಗಿ ರಕ್ತದಿಂದಲೇ ಬಂತು ಎನ್ನುವವರೂ ಇದ್ದಾರೆ. ನನ್ನ ಮನಸ್ಸು ಪುಂಡರ ಕಡೆಗೆ ವಾಲುತ್ತದೆ.

ಇನ್ನೊಂದು ಸಾಕ್ಷಿ ನೋಡು. 1711ರಲ್ಲಿ 'ಗಲಿವರ್ಸ್ ಟ್ರಾವೆಲ್ಸ್' ಖ್ಯಾತಿಯ ಲೇಖಕ ಜೊನಾಥನ್ ಸ್ವಿಫ್ಟ್ ಲಂಡನ್ನಿನಿಂದ ಐರ್ಲೆಂಡಿನ ಗೆಳತಿಗೆ ಬರೆದ ಪತ್ರದಲ್ಲಿ, ನಡೆದು ಬರುವಾಗ 'ಬ್ಲಡಿ' ಸೆಕೆಯಿತ್ತು ಎಂದು ಗೊಣಗುತ್ತಾನೆ. ಅವನು ಪಾದ್ರಿ! ಹೆಂಗಸಿಗೆ ಬರೆಯುವಾಗಲೂ ಅವನಿಗೆ ಅಳುಕಿಲ್ಲ.

ಮುಂದೆ ಆ ಪದ ಬಡವರ ಬಾಯಿಗೆ ಬಿತ್ತು. ಮರ್ಯಾದಸ್ಥರು ಕಿವಿ ಮುಚ್ಚಿಕೊಂಡರು. ಪತ್ರಿಕೆಗಳು ನಡುವಿನ ಅಕ್ಷರ ನುಂಗಿ ಗೆರೆ ಎಳೆದವು. 1887ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ 'ರಡಿಗೋರ್' ಗೀತನಾಟಕದ ಹೆಸರು ('ರಡಿ' ಎಂದರೆ ಕೆಂಪು, 'ಗೋರ್' ಎಂದರೆ ನೆತ್ತರು) ಈ ಪದವನ್ನು ನೆನಪಿಸುತ್ತದೆ ಎಂದು ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ಅದರ ಕಾಗುಣಿತವನ್ನೇ ತಿದ್ದಿದರು. ಉಚ್ಚಾರ ಹಾಗೇ ಉಳಿಯಿತು, ಮಡಿಯೂ ಉಳಿಯಿತು!

ಬರ್ನಾರ್ಡ್ ಷಾ ಸುಮ್ಮನಿರುವ ಆಸಾಮಿಯೇ? 1914ರ ಏಪ್ರಿಲ್‌ನಲ್ಲಿ ಲಂಡನ್ನಿನ ರಂಗದ ಮೇಲೆ 'ಪಿಗ್ಮೇಲಿಯನ್' ಬಂತು. ಹೂ ಮಾರುವ ಎಲೈಜಾಳಿಗೆ ದೊಡ್ಡಮನೆಯವರ ಉಚ್ಚಾರವನ್ನು ತಿದ್ದಿ ತೀಡಿ ಕಲಿಸಿದ್ದಾರೆ. ಚಹಾ ಕೂಟ ಮುಗಿಸಿ ಹೊರಟವಳನ್ನು, ಪಾರ್ಕಿನ ಮೂಲಕ ನಡೆದು ಹೋಗುತ್ತೀರಾ ಎಂದು ಒಬ್ಬ ಯುವಕ ವಿನಯದಿಂದ ಕೇಳುತ್ತಾನೆ. ಅವಳ ಉತ್ತರ: 'ನಾಟ್ ಬ್ಲಡಿ ಲೈಕ್ಲಿ' (ಖಂಡಿತ ಇಲ್ಲ), ಟ್ಯಾಕ್ಸಿಯಲ್ಲಿ ಹೋಗುತ್ತೇನೆ! ಉಚ್ಚಾರದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಅದೇ ತಮಾಷೆ. ಆ ಪಾತ್ರ ಮಾಡಿದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಬೆಲ್ ಜನರ ನಗು ಇಳಿಯುವವರೆಗೆ ಕಾದು ನಿಲ್ಲಬೇಕಾಯಿತು. ಆಮೇಲೆ ಊರ ಜನ ಆ ಪದದ ಬದಲಿಗೆ 'ನಾಟ್ ಪಿಗ್ಮೇಲಿಯನ್ ಲೈಕ್ಲಿ' ಎನ್ನತೊಡಗಿದರು. ನಾಟಕದ ಹೆಸರೇ ಬೈಗುಳವಾದದ್ದಕ್ಕೆ ಷಾ ಖುಷಿಪಟ್ಟಿರಲೇಬೇಕು.

ಆಸ್ಟ್ರೇಲಿಯನ್ನರಿಗಂತೂ ಇದು ಉಪ್ಪಿನಕಾಯಿಯಂತೆ, ಪ್ರತಿ ಮಾತಿಗೂ ಬೇಕು. 2006ರಲ್ಲಿ ಅವರ ಪ್ರವಾಸೋದ್ಯಮದ ಜಾಹೀರಾತಿನಲ್ಲೂ ಅದು ಬಂತು. ಬ್ರಿಟನ್ನಿನ ಟಿವಿಯಲ್ಲಿ ಅದಕ್ಕೆ ತಡೆ ಬಿದ್ದಾಗ ಸಚಿವೆಯೇ ಲಂಡನ್ನಿಗೆ ಹೋಗಿ ವಾದಿಸಿ ಬಿಡಿಸಿಕೊಂಡರು.

'ಎಫ್'ನಿಂದ ಶುರುವಾಗುವ ಆ ಇನ್ನೊಂದು ನಾಲ್ಕಕ್ಷರದ ಇಂಗ್ಲಿಷ್ ಬೈಗುಳದ ಬಗ್ಗೆಯೂ ಕೇಳಿದ್ದೀಯ. ರಾಜನ ಅಪ್ಪಣೆಯ ಮೊದಲಕ್ಷರಗಳಿಂದ ಹುಟ್ಟಿತು ಎಂಬುದು ಶುದ್ಧ ಕಟ್ಟುಕಥೆ. ಉಳಿದದ್ದನ್ನು ಸಿಕ್ಕಾಗ ಹೇಳುತ್ತೇನೆ. ನನ್ನ ಪತ್ರಗಳನ್ನು ನಿನ್ನ ಅಮ್ಮನೂ ಓದುತ್ತಾರೆ.

ನಿನ್ನ ಗೆಳೆಯ